ಜಪಾನಿ ಕೆಫೆಯಲ್ಲಿ ಕೊಟ್ಟ ಆಶೀರ್ವಾದ

ಕರಾಮ, ದುಬೈ

ಪ್ರೀತಿಯ ನಿಶ್ಮಿತಾ,

ಫೋನಿನಲ್ಲಿ ಮಾತಾಡಿದರೆ ಸೊಸೆ ಅಮಿತಾಳಿಗೆ ಕೇಳಿಸುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಊರಿನಿಂದ ಬಂದ ಅತ್ತೆಗೆ ತೋರಿಸಬೇಕೆಂದು ಅವಳು ನಿನ್ನೆ ಆ ಜಪಾನಿ ಕೆಫೆಗೆ ಕರೆದುಕೊಂಡು ಹೋದಳು. ಮುಖಕ್ಕೆ ಬಿಳಿ ಬಣ್ಣ ಬಳಿದ ಹುಡುಗಿಯೊಬ್ಬಳು ಬಂದು, ಮಂಡಿಯೂರಿ ನೆಲಕ್ಕೆ ಹಣೆ ತಾಗಿಸಿದಳು. ನಾನು ಅಭ್ಯಾಸದಂತೆ ತಲೆ ಮುಟ್ಟಿ, "ಒಳ್ಳೆದಾಗ್ಲಿ ಮಗಾ" ಎಂದೆ.

"ಅತ್ತೆ, ಅದು ಅವರ ಡ್ಯೂಟಿ, ನಮಸ್ಕಾರ ಅಲ್ಲ!" ಎಂದು ಅಮಿತಾ ನಕ್ಕಳು.

ಆಗ ಆ ಹುಡುಗಿ ತಲೆಯೆತ್ತದೆ ಪಿಸುಗುಟ್ಟಿದಳು: "ದೊಡ್ಡಮ್ಮ, ಅಮ್ಮನಿಗೆ ಹೇಳ್ಬೇಡಿ." ಸ್ವರ ನಿನ್ನದು.

ಅಮಿತಾಳಿಗೆ ನಿನ್ನ ಗುರುತು ಸಿಕ್ಕಿಲ್ಲ. ನಿನ್ನ ಬ್ಯಾಂಕಿನ ಕೆಲಸ ಯಾವಾಗ ಹೋಯಿತೆಂದು ನಾನು ಕೇಳುವುದಿಲ್ಲ. ಇವತ್ತು ನಿನ್ನ ಅಮ್ಮ ಫೋನು ಮಾಡಿ, "ಮಗಳ ಬ್ಯಾಂಕ್ ನೋಡಿದ್ಯಾ ಅಕ್ಕ?" ಎಂದಳು. "ಅವಳನ್ನು ನೋಡಿದೆ, ಸ್ವಲ್ಪ ಇಳಿದಿದ್ದಾಳೆ" ಎಂದಷ್ಟೇ ಹೇಳಿದೆ. ಇನ್ನೊಮ್ಮೆ ಕೇಳಿದರೆ ತಂಗಿಗೆ ಸುಳ್ಳು ಹೇಳಲು ನನ್ನಿಂದಾಗದು. ನಾನು ಊರಿಗೆ ಹೊರಡುವ ಮೊದಲು ನೀನೇ ಹೇಳಿಬಿಡು.

ಭಾನುವಾರ ಊಟಕ್ಕೆ ಬಾ, ಕೋರಿ ರೊಟ್ಟಿ ಮಾಡುತ್ತೇನೆ. ಮಂಡಿನೋವಿನ ಎಣ್ಣೆ ಊರಿನಿಂದ ತಂದದ್ದಿದೆ, ತೆಗೆದುಕೊಂಡು ಹೋಗು. ಬಂದಾಗ ಕಾಲಿಗೆ ಬೀಳುವುದು ಬೇಡ. ಆಶೀರ್ವಾದ ಆಗಲೇ ಕೊಟ್ಟಾಗಿದೆ.

ನಿನ್ನ ದೊಡ್ಡಮ್ಮ,
ಲೋಲಾಕ್ಷಿ