ಅವ್ವ ಗುರುತಿಸಿದ ನೆಲ

೧೪ ಜುಲೈ ೨೦೧೧, ಗುರುವಾರ. ಉಲುಂಡಿ.

ನೂರಮೂವತ್ತು ವರ್ಷಗಳ ಹಿಂದಿನ ಯುದ್ಧದಲ್ಲಿ ಸುಟ್ಟ ನಮ್ಮ ಜುಲು ಸೈನ್ಯದ ಬೀಡಿನಲ್ಲಿ ನಾನು ಅಗೆಯುತ್ತಿದ್ದ ಗುಂಡಿಯನ್ನು, ಬರೀ ದನದ ದೊಡ್ಡಿಯೆಂದು ಉತ್ಖನನದ ಮುಖ್ಯಸ್ಥ ಮ್ತಿಯಾನೆ ಇವತ್ತು ಮುಚ್ಚಿಸುವುದರಲ್ಲಿದ್ದರು. ನನಗೆ ಊಟ ತಂದಿದ್ದ ಅವ್ವ ಗುಂಡಿಗಿಳಿದು, ಮಂಡಿಯೂರಿ, ನೆಲ ಸವರಿ, ಮ್ತಿಯಾನೆಯತ್ತ ತಿರುಗಿದಳು.

"ಅಲ್ಲೋ ಮಗನೇ, ದೊಡ್ಡೀನ ಯಾರಾದ್ರೂ ಕಲ್ಲಲ್ಲಿ ಉಜ್ಜಿ ನುಣುಪು ಮಾಡ್ತಾರಾ? ಇದು ಗುಡಿಸಲು. ಹುತ್ತದ ಮಣ್ಣು ಬಡಿದು ಸಗಣಿ ಸಾರಿಸಿದ ನೆಲ. ಒಲೆ ನಡುವೆ ಇರತ್ತೆ. ಮಗಳೇ, ನೀನು ಇಲ್ಲಿ ಅಗೆ."

ಒಂದು ಗೇಣು ಅಗೆಯುವಷ್ಟರಲ್ಲಿ ಒಲೆಯ ದುಂಡು ಅಂಚು ಕಂಡಿತು. ಮ್ತಿಯಾನೆ ಟೋಪಿ ತೆಗೆದರು. "ಅಮ್ಮಾ, ಗುರುತಿಸಿದವರು ಅಂತ ನಿಮ್ಮ ಹೆಸರೇ ಬರೀತೀನಿ."

"ತವರಿನ ಹೆಸರು ಬರಿ. ಈ ಕೆಲಸ ಕಲಿತಿದ್ದು ಅಲ್ಲಿ."

ಚಿಕ್ಕಂದಿನಲ್ಲಿ, ಮನೆಯಲ್ಲಿ ಅವಳು ಸಗಣಿ ಸಾರಿಸಿದ ನೆಲದ ಮೇಲೆ ಗೆಳತಿಯರನ್ನು ಕೂರಿಸಲು ನಾಚುತ್ತಿದ್ದವಳು ನಾನು. ಇವತ್ತು ಸಂಜೆಯವರೆಗೂ ಸಿಕ್ಕಸಿಕ್ಕವರಿಗೆಲ್ಲ "ನಮ್ಮವ್ವ, ನಮ್ಮವ್ವ" ಎಂದು ಹೇಳಿಕೊಂಡು ತಿರುಗಿದೆ.