ಕಾಲುಪಟ್ಟಿಯ ತೂತು

ತಂಗೀ,

ಹಲ್ಲಿನ ಡಾಕ್ಟರ ಹತ್ತಿರ ಹೋಗ್ತಿದ್ದೀನಿ, ಬರೋದು ಹನ್ನೆರಡಾಗುತ್ತೆ. ಹಾಲು ಕಾಯಿಸಿಟ್ಟಿದ್ದೀನಿ. ನಲ್ಲಿ ರಿಪೇರಿಯವನು ಬಂದರೆ ಪಕ್ಕದಲ್ಲೇ ನಿಂತಿರು, ಇಲ್ಲದಿದ್ದರೆ ಅರ್ಧಕ್ಕೇ ಕೈಬಿಟ್ಟು ಹೋಗ್ತಾನೆ.

ಕೂತಲ್ಲೇ ದೋಣಿ ಹುಟ್ಟು ಹಾಕೋ ಆ ರೋಯಿಂಗ್ ಮಷಿನ್ ಒರೆಸೋದಿದ್ದರೆ ಒರೆಸು, ಇನ್ನೇನೂ ಮುಟ್ಟಬೇಡ. ಅದರಲ್ಲಿ ಪಾದ ಹಿಡಿಯೋ ಕಾಲುಪಟ್ಟಿ ಬಿಗಿ ಮಾಡಿದವಳು ನೀನೇ ಅಂತ ಗೊತ್ತು. ಅರವತ್ತೆಂಟರ ಅಕ್ಕ ಜಾರಿ ಸೊಂಟ ಮುರ್ಕೋಬಾರದು ಅಂತ ಮಾಡಿದ್ದೀಯ, ಸರಿ. ಆದರೆ ಅದು ಸಡಿಲ ಇದ್ದದ್ದು ನಿನ್ನ ಭಾವನ ಅಳತೆಗೆ. ಅವರು ಹೋದ ಮೇಲೂ ದಿನಾ ಬೆಳಿಗ್ಗೆ ಇಪ್ಪತ್ತು ನಿಮಿಷ ಅದೇ ಅಳತೆಯಲ್ಲಿ ಹುಟ್ಟು ಹಾಕ್ತಿದ್ದೆ, ಕಾಲು ಲೊಡಲೊಡ ಅಂದರೂ.

ಇವತ್ತು ಕಾಲು ಜಾರಲಿಲ್ಲ. ಇಪ್ಪತ್ತು ನಿಮಿಷ ಸಲೀಸಾಗಿ ಮುಗೀತು. ನಿನ್ನನ್ನ ಬೈಯೋಣ ಅಂದರೆ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ಮೊದಲಿನ ಹಾಗೇ ಹಾಕಿಡೋಣ ಅಂತ ಪಟ್ಟಿ ಬಿಚ್ಚಿದೆ. ಅವರದು ಎಷ್ಟನೇ ತೂತು ಅನ್ನೋದೇ ನೆನಪಾಗಲಿಲ್ಲ. ಮೂರು ವರ್ಷ ದಿನಾ ಕಾಲಿಟ್ಟ ಜಾಗ.

ನಿನಗೆ ಗೊತ್ತಿದ್ದರೆ ಈ ಚೀಟಿಯ ಹಿಂದೆ ಬರೆದಿಡು. ಬಾಯಿಬಿಟ್ಟು ಹೇಳಬೇಡ.

ಅಕ್ಕ