ನೀಲಿ ಮುಚ್ಚಳದ ಬಕೆಟ್

ಅತ್ತೆ,

ಅಕ್ವೇರಿಯಂ ಹತ್ತಿರ ಸುಳಿಯಲೇಬೇಡಿ ಎಂದು ಬರೆಯಲು ಕೂತೆ. ಆದರೆ ಮೂರು ಗಂಟೆಯವರೆಗೆ ನಾನು ಡಿಪೋದಲ್ಲಿ, ನಿಮ್ಮ ಮಗಳು ಊರಲ್ಲಿಲ್ಲ. ನೀವೇ ನೋಡಿಕೊಳ್ಳಬೇಕು.

ಉಪ್ಪಿನ ಮೀಟರ್ 1.029 ತೋರಿಸುತ್ತಿದೆ. ಇರಬೇಕಾದ್ದು 1.025. ಹವಳಗಳೆಲ್ಲ ಮುದುಡಿ ಕೂತಿವೆ. ಎಷ್ಟು ಸಲ ಹೇಳಿದ್ದೇನೆ, ಆವಿಯಾಗುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ. ಕಡಿಮೆಯಾದಷ್ಟಕ್ಕೆ ಸಿಹಿನೀರನ್ನೇ ಹಾಕಬೇಕು. ನೀಲಿ ಮುಚ್ಚಳ ಸಿಹಿನೀರು, ಕೆಂಪು ಮುಚ್ಚಳ ಉಪ್ಪುನೀರು. ಇದರಲ್ಲಿ ಗೊಂದಲವಾಗಲು ಏನಿದೆ?

ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ ಒಂದೊಂದು ಜಗ್ ಅಕ್ವೇರಿಯಂ ನೀರು ತೆಗೆದು, ಅಷ್ಟೇ ಸಿಹಿನೀರು ಹಾಕಿ. ಒಟ್ಟಿಗೇ ಸುರಿದರೆ ಉಳಿದಿರುವುದೂ ಸಾಯುತ್ತದೆ. ಶಾಖ ಇಪ್ಪತ್ತಾರು ಡಿಗ್ರಿ ದಾಟಿದರೆ ಫ್ಯಾನ್ ಹಾಕಿ. ಸದ್ದಿಗೆ ತಲೆನೋವು ಬಂದರೂ ಪಂಪ್ ಆರಿಸಬೇಡಿ. ಸೋಪಿನ ಕೈ ಅದ್ದಬೇಡಿ.

ಅದಕ್ಕೂ ಮುಂಚೆ ಒಂದು ಜಗ್ ನಾನೇ ಹಾಕಿ ಹೋಗೋಣವೆಂದು ಈಗ ನೀಲಿ ಮುಚ್ಚಳ ತೆಗೆದೆ. ಯಾಕೋ ಅನುಮಾನ ಬಂದು ಬೆರಳದ್ದಿ ನೆಕ್ಕಿದೆ. ಬರೀ ಉಪ್ಪು.

ಭಾನುವಾರ ಎರಡೂ ಬಕೆಟ್ ತೊಳೆದು, ತುಂಬಿಸಿ, ಮುಚ್ಚಳ ಹಾಕಿದವನು ನಾನು.

ನಿನ್ನೆ ನೀವು "ನೀಲಿ ಮುಚ್ಚಳದ್ದೇ ಹಾಕಿದೆ ಅಳಿಯಂದ್ರೇ" ಅಂದಿರಿ. "ಸುಳ್ಳು ಯಾಕೆ ಹೇಳ್ತೀರಿ" ಅಂತ ಕೂಗಾಡಿದೆ. ಪಕ್ಕದ ಮನೆಯವರಿಗೂ ಕೇಳಿಸಿರುತ್ತದೆ.

ಈಗ ಮುಚ್ಚಳ ಅದಲುಬದಲು ಮಾಡಿ ಸರಿಪಡಿಸಿದ್ದೇನೆ. ಮೇಲೆ ಬರೆದದ್ದನ್ನು ಹೊಡೆದುಹಾಕುತ್ತಿಲ್ಲ. ನೀರಿನ ಲೆಕ್ಕ ಅದೇ, ಬೈಗುಳ ಮಾತ್ರ ನನಗೆ ಸೇರಿದ್ದು.

ಬಾಗಿಲ ಹತ್ತಿರ ನೀವು ಕಟ್ಟಿಟ್ಟಿರುವ ಬ್ಯಾಗನ್ನು ಮುಟ್ಟಿಲ್ಲ. ಹೊರಡಲೇಬೇಕು ಅಂತಿದ್ದರೆ ನಾಲ್ಕರ ಜಗ್ ಹಾಕಿ ಹೊರಡಿ. ಮೂರೂವರೆಗೆ ನಾನು ಬಾಗಿಲಲ್ಲಿರುತ್ತೇನೆ.